ಸರದಿ ಚೀಟಿಯ ಹಿಂದೆ

ಮುಂದೆ ಅರವತ್ತು ಗಾಡಿ ಇದ್ದರೆ ದಪ್ಪದ್ದು ಕೊಡುತ್ತೇನೆ,
ಹತ್ತೇ ಇದ್ದರೆ ಸಣ್ಣ ಕತೆ ಸಾಕು.
ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಹತ್ತೊಂಬತ್ತು ಹಂಗಾಮು ಕೂತವನ ಲೆಕ್ಕ ಇದು:
ಟ್ರ್ಯಾಕ್ಟರಿಗೆ ಎಂಟು ಪುಟ,
ಎತ್ತಿನ ಗಾಡಿಗೆ ಐದು,
ಒಳಗೆ ಗಾಣ ಕೆಟ್ಟು ನಿಂತಿತೋ, ಮೂರು ಸಂಪುಟ.

ಮೇಜಿನ ಕೆಳಗೆ ತಗಡಿನ ಪೆಟ್ಟಿಗೆ.
ಅದರಿಂದ ಒಂದು ಪುಸ್ತಕ ತೆಗೆದು
ಯಾರೂ ಇಲ್ಲದಾಗ ತೂಕದ ಹಲಗೆಯ ಮೇಲಿಟ್ಟಿದ್ದೆ,
ಸುಮ್ಮನೆ, ನೋಡೋಣ ಅಂತ.
ಹನ್ನೆರಡು ಟನ್ ಕಬ್ಬಿಗೆ ತಲೆಬಾಗುವ ಮುಳ್ಳು
ಎರಡು ಸೂರ್ಯರಿರುವ ಲೋಕಕ್ಕೆ
ಅಲ್ಲಾಡಲಿಲ್ಲ.

ಸರದಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಡುತ್ತೇನೆ:
'ನಲವತ್ತು ಪುಟ ತಡೆದುಕೊಳ್ಳಿ, ಆಮೇಲೆ ಡ್ರ್ಯಾಗನ್ ಬರುತ್ತೆ.'
'ಕಾಲಯಂತ್ರ ಚೆನ್ನಾಗಿದೆ, ಪ್ರೇಮ ಸಪ್ಪೆ.'
ಮೊದಲ ಪುಟದಲ್ಲೇ ನಕಾಶೆ ಇರುವಂಥದ್ದನ್ನು
ರಾತ್ರಿ ಸರದಿಯವರಿಗೆ ಕೊಡುವುದಿಲ್ಲ,
ಅಲ್ಲಿಯ ದಾರಿ ಹುಡುಕುತ್ತ ಇಲ್ಲಿಯದು ತಪ್ಪಿಸಿಕೊಳ್ಳುತ್ತಾರೆ.

ಚಿಕ್ಕತಾಯಮ್ಮ, ತಾನೇ ಟ್ರ್ಯಾಕ್ಟರ್ ಹೊಡೆಯುವವಳು,
'ರಾಕ್ಷಸ್ರಿರೋದು ಬ್ಯಾಡ ಕನಣ್ಣ, ಮನೇಲೇ ಅವ್ರೆ' ಅಂದಳು.
ಚಂದ್ರನ ಮೇಲೆ ಬೇಸಾಯ ಹೂಡಿದ ಹೆಂಗಸರ ಕಾದಂಬರಿ ಕೊಟ್ಟೆ.
ಮೂರನೇ ದಿನ ಮೇಜಿನ ಮೇಲೆ ಕುಕ್ಕಿದಳು:
'ಬರ್ದೋನು ಗದ್ದೆಗಿಳಿದೋನಲ್ಲ.
ಇಷ್ಟು ಪುಟದಲ್ಲಿ ಒಬ್ಳಾದ್ರೂ
ಸೊಂಟ ಹಿಡ್ಕಂಡು ಕಳೆ ಕಿತ್ತಿದ್ದಾಳಾ?'
ಹೊರಟವಳು ಬಾಗಿಲಲ್ಲಿ ನಿಂತು,
'ಎರಡ್ನೇ ಭಾಗ ಅದಾ?'

ಗಂಜಾಮಿನ ಖಲೀಮ್ ಪಾಷನಿಗೆ
ಕೋಟೆ ಬೀಳದೆ ಉಳಿದ ಕಾದಂಬರಿ ಕೊಡಲು ಅಂಜಿದ್ದೆ.
ಅವನೇ ಕೇಳಿ ಒಯ್ದ.
'ಯುದ್ಧ ಗೆದ್ರೂ ಅಷ್ಟೇ ಸಾರ್,
ನಮ್ ಮುತ್ತಾತನಂಥೋನು ಅದ್ರಲ್ಲೂ
ಯಾರದೋ ಅಂಜೂರದ ತೋಟ ಕಾಯ್ತಾವ್ನೆ.
ನಂಬ್ಬೋದು ಈ ಪುಸ್ತಕಾನ.'

ಪೆಟ್ಟಿಗೆಯ ತಳದಲ್ಲಿ ಒಂದಿತ್ತು,
ಹಳೆಯ ಸರದಿ ಚೀಟಿಗಳ ಕೆಳಗೆ.
ಯಾರಿಗೂ ಹೇಳಿರಲಿಲ್ಲ.
ಹೊಂಬಾಳಯ್ಯನಿಗೆ ಹೇಗೆ ಗೊತ್ತಾಯಿತೋ,
ಕಿಟಕಿಯಲ್ಲಿ ಮುಖವಿಟ್ಟ:
'ಆ ಕಟ್ಟೆ ಕಟ್ಟದೇ ಇದ್ದಿದ್ರೆ, ಅಂತ ಒಂದು ಅದಂತಲ್ಲ?'

ಅವನ ತಾತನ ಊರು ಆ ನೀರಿನಡಿ.
ಬಾಗಿಲುವಾಡ ಕಿತ್ತು ಗಾಡಿಗೆ ಹೇರಿ
ಈ ಬಯಲಿಗೆ ಬಂದವರು,
ನಾಲೆ ಬಂದ ಮೇಲೆ ಗದ್ದೆ, ಗದ್ದೆ ಬಂದ ಮೇಲೆ ಸಂಬಂಧ,
ನಾಲೆಯ ಆಚೆ ದಂಡೆಯ ಹುಡುಗಿ ಅವನವ್ವ.

ಶಿಫಾರಸು ಮಾಡುವವನು ಸುಳ್ಳು ಹೇಳಬಾರದು.
'ಅದರಲ್ಲಿ ಊರಿದೆ ಹೊಂಬಾಳಯ್ಯ, ದೀಪ ಹಚ್ಚುತ್ತಾರೆ.
ಈ ಕಡೆ ನಾಲೆಯಿಲ್ಲ, ಬರೀ ಹುರುಳಿ ಹೊಲ.
ನಿಮ್ಮಪ್ಪ ನಿಮ್ಮವ್ವನನ್ನು ನೋಡುವುದೇ ಇಲ್ಲ.
ನೀವಿಲ್ಲ ಅದರಲ್ಲಿ.'

ಕಬ್ಬಿನ ತುಂಡೊಂದನ್ನು ಅಗಿದ, ಸಿಪ್ಪೆ ಉಗಿದ.
'ನೀನಿದ್ದೀಯಾ?'
'ಇಲ್ಲ. ಈ ತೂಕದ ಮನೆಯೂ ಇಲ್ಲ.'
'ಮತ್ತೆ ಯಾರ್ಲಾ ಓದಾದು ಅದ್ನ?'

ಆಮೇಲೆ ಮೆತ್ತಗೆ,
'ಕೊಡು. ನಾನಿಲ್ದಿದ್ರೆ ಏನಂತೆ.
ನಮ್ ತಾತ ಹೇಳೋನು, ಬಾವಿತಾವ ಒಂದು ಗಸಗಸೆ ಮರ ಅಂತ.
ಅದೊಂದ ನೋಡ್ಕಂಡು ಬತ್ತೀನಿ.'

ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಅವನ ನಂಬರ್ ಕೂಗಿದೆ.
ಮತ್ತೆ ಕೂಗಿದೆ.
ಹಿಂದಿನವರು ಹಾರನ್ ಒತ್ತಿ ಒತ್ತಿ ಸುಸ್ತಾದರು.
ಹಿಂದಿನ ಲಾರಿಯ ದೀಪದ ಬೆಳಕಿನಲ್ಲಿ
ಹೊಂಬಾಳಯ್ಯ ಕಬ್ಬಿನ ಹೊರೆಗೆ ಒರಗಿ ಕೂತಿದ್ದ,
ಸಾಲಿನ ಮೇಲೆ ಬೆರಳಿಟ್ಟುಕೊಂಡು,
ತುಟಿ ಅಲ್ಲಾಡುತ್ತಿತ್ತು.

ರಿಜಿಸ್ಟರಿನಲ್ಲಿ ಬರೆದೆ:
ಗಾಡಿ ಹಾಜರು. ಗಾಡಿಯವನು ಇಲ್ಲ.
ಮುಂದಿನದು ಬರಲಿ ಅಂದೆ.